ಇನ್ನೂರು ದಿನ ತಳ ಕಚ್ಚದ ಎಣ್ಣೆ

೧

ಮೊಳೆಯಿಂದ ಶುರು ಮಾಡಲೋ ಬಾಟಲಿಯಿಂದಲೋ ಎಂದು ಮೂರು ದಿನದಿಂದ ಕೂತಿದ್ದೇನೆ. ಮೊಳೆಯಿಂದಾದರೆ ಸದ್ದಾಗುತ್ತದೆ, ನೀವು ಎದ್ದು ಕೂರುತ್ತೀರಿ. ಬಾಟಲಿಯಿಂದಾದರೆ ಬರೀ ಮೌನ. ನನಗೆ ಮೌನವೇ ಇಷ್ಟ. ಆದರೆ ಈ ಮೌನದ ತಳದಲ್ಲಿ ಏನೋ ಕಪ್ಪಗೆ ಕೂತಿದೆ, ಅದನ್ನು ಕಲಕಲು ಹೆದರಿಕೆ.

ಹೋಗಲಿ, ಮೊಳೆಯೇ ಆಗಲಿ.

೨

ಉತ್ತರ ಸ್ವೀಡನ್, ನವೆಂಬರ್ ಕೊನೆ, ಬೆಳಿಗ್ಗೆ ಹತ್ತು ಗಂಟೆ. ವಿಶ್ವವಿದ್ಯಾಲಯದ ಪಡಸಾಲೆಯಲ್ಲಿ ಹಿಲ್ಲೆವಿ ತನ್ನ ಪಿಎಚ್.ಡಿ. ಪ್ರಬಂಧವನ್ನು ಮರದ ಹಲಗೆಗೆ ಒತ್ತಿ ಹಿಡಿದು ಮೊಳೆ ಹೊಡೆದಳು. ಇಲ್ಲಿಯ ಪದ್ಧತಿ ಅದು. ಮೌಖಿಕ ಪರೀಕ್ಷೆಗೆ ಮೂರು ವಾರ ಮೊದಲು ಎಲ್ಲರೆದುರು ಹೊಡೆದು ನೇತುಹಾಕಬೇಕು. ಆಮೇಲೆ ಅದು ಊರಿನ ಸೊತ್ತು, ಯಾರು ಬೇಕಾದರೂ ತಪ್ಪು ಹುಡುಕಬಹುದು. ಜನ ಚಪ್ಪಾಳೆ ತಟ್ಟಿ ಕೇಕಿನ ಕಡೆ ತಿರುಗಿದರು.

ಪ್ರಬಂಧದಲ್ಲಿರುವುದಿಷ್ಟು: ಯಂತ್ರದ ಗೇರ್ ಚಕ್ರಗಳ ಎಣ್ಣೆಗೆ ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿನಷ್ಟು ಸಣ್ಣ ಕಪ್ಪು ಕಣಗಳನ್ನು ಬೆರೆಸಿದರೆ, ಅವು ಇಸ್ಪೀಟ್ ಎಲೆಗಳ ಹಾಗೆ ಒಂದರ ಮೇಲೊಂದು ಜಾರಿ, ಲೋಹಕ್ಕೆ ಲೋಹ ತಿಕ್ಕುವುದನ್ನು ಮೂರರಲ್ಲೊಂದು ಪಾಲು ಇಳಿಸುತ್ತವೆ. ಇದು ಹಳೆಯ ವಿಷಯ. ಕಷ್ಟವೆಂದರೆ ಕಣಗಳು ಎಣ್ಣೆಯಲ್ಲಿ ನಿಲ್ಲುವುದಿಲ್ಲ, ತಳಕ್ಕಿಳಿದು ಕೆಸರಾಗುತ್ತವೆ. ಹಿಲ್ಲೆವಿ ಕಪಾಟಿನಲ್ಲಿಟ್ಟ ಎಣ್ಣೆಯ ಬಾಟಲಿಗಳಲ್ಲಿ ಮಾತ್ರ ಅವು ಇನ್ನೂರು ದಿನ ಇಳಿಯಲಿಲ್ಲ. ನಾಲ್ಕನೇ ಅಧ್ಯಾಯ.

ಆ ಅಧ್ಯಾಯ ನಂಬಿಯೇ ಮೇ ತಿಂಗಳಲ್ಲಿ ಊರಾಚೆಯ ಹಿಮದಲ್ಲಿ ಜಾರುವ ಗುಡ್ಡದವರು, ಜನರನ್ನು ಹಗ್ಗಕ್ಕೆ ತೂಗಿಸಿ ಮೇಲಕ್ಕೊಯ್ಯುವ ತಮ್ಮ ಕುರ್ಚಿ ಲಿಫ್ಟಿನ ಗೇರ್‌ಬಾಕ್ಸಿಗೆ ಅವಳ ಎಣ್ಣೆ ತುಂಬಿದರು. ತುಂಬಿ, ಹಿಮದ ಋತು ಮುಗಿಯಿತೆಂದು ಬೀಗ ಹಾಕಿದರು. ಇವತ್ತು ಹನ್ನೊಂದಕ್ಕೆ ಲಿಫ್ಟ್ ಮತ್ತೆ ಶುರು.

(ಮೊದಲ ಕರಡಿನಲ್ಲಿ ಹಿಲ್ಲೆವಿಗೂ ಲಿಫ್ಟ್ ನಡೆಸುವ ಸೀವಾರನಿಗೂ ಪ್ರೇಮವಿತ್ತು. ಹೊಡೆದುಹಾಕಿದೆ. ಅವರಿಬ್ಬರೂ ಒಂದೇ ಒಂದು ಸಲ ಮಾತಾಡಿದ್ದು, ಅದೂ ಡಬ್ಬಿಯ ಮುಚ್ಚಳದ ಬಗ್ಗೆ.)

೩

ಕೇಕ್ ತಿನ್ನಲು ರೂನೆಯೂ ಬಂದಿದ್ದ. ಪ್ರಯೋಗಾಲಯದ ಹಳೆಯ ತಂತ್ರಜ್ಞ, ಜೂನ್‌ನಲ್ಲಿ ನಿವೃತ್ತನಾದವನು. ಹಲಗೆಯನ್ನು ನೋಡಿ ತಲೆಯಾಡಿಸಿದ.

"ಏನೇ ಡಾಕ್ಟರಮ್ಮ, ಮೊಳೆ ಸೊಟ್ಟ ಹೊಡ್ದಿದೀಯಲ್ಲೇ?"

"ಹೆಬ್ಬೆರಳು ಉಳೀತಲ್ಲ ಮಾರಾಯ, ಅಷ್ಟು ಸಾಕು."

"ಅದಿರ್ಲಿ, ನನ್ನ ಬಾಟಲಿಗಳನ್ನ ಈಗ ಯಾರು ತಿರುಗಿಸ್ತಾರೆ?"

"ಯಾವ ಬಾಟಲಿ?"

"ಕಿಟಕಿ ಪಕ್ಕದ ಕಪಾಟಲ್ಲಿದ್ವಲ್ಲ, ನಿನ್ನವೇ. ಕಾಫಿಗೆ ಹೋಗೋ ಮುಂಚೆ ಎಲ್ಲಾನೂ ಒಂದೊಂದ್ಸಲ ತಲೆಕೆಳಗೆ ಮಾಡಿ ಇಡ್ತಿದ್ದೆ. ಬೆಳಿಗ್ಗೆ ಒಂದ್ಸಲ, ಮಧ್ಯಾಹ್ನ ಒಂದ್ಸಲ. ಹುಡುಗನಾಗಿದ್ದಾಗ ಪೇಂಟ್ ಅಂಗಡೀಲಿ ಕಲ್ತ ಚಾಳಿ. ಡಬ್ಬಿ ಸುಮ್ನೆ ಕೂತಿದ್ರೆ ನಂಗೆ ಕಾಫಿ ಇಳಿಯಲ್ಲ ಕಣೆ."

ಹಿಲ್ಲೆವಿ ಫೋರ್ಕನ್ನು ತಟ್ಟೆಯ ಮೇಲಿಟ್ಟಳು. ಸದ್ದಾಗದ ಹಾಗೆ ಇಟ್ಟಳು.

"ದಿನಾನೂ?"

ಈ ಸೀಮೆಯವರು ಹೌದೆನ್ನಲು ಬಾಯಿ ತೆರೆಯುವುದಿಲ್ಲ, ಉಸಿರನ್ನು ಸುಯ್ಯೆಂದು ಒಳಗೆಳೆಯುತ್ತಾರೆ. ರೂನೆ ಎಳೆದ.

"ಯಾಕೆ ಹೇಳ್ಲಿಲ್ಲ ನೀನು?"

"ನೀ ಎಲ್ಲಿ ಕೇಳ್ದೆ? ಒಳ್ಳೇದೇ ಮಾಡಿದ್ದು ತಾನೇ?" ಗಡಿಯಾರ ನೋಡಿದ. "ನಾ ಹೊರಟೆ. ಮೊದಲ ದಿನ ಪಿಂಚಣಿದಾರರಿಗೆ ಲಿಫ್ಟ್ ಬಿಟ್ಟಿ. ನಮ್ಮನೆಯವಳು ಸಿಗ್ನೆ ಆಗ್ಲೇ ಸಾಲಲ್ಲಿ ನಿಂತಿದಾಳೆ. ತಡ ಮಾಡಿದ್ರೆ ಯಾರದೋ ಗಂಡನ ಪಕ್ಕ ಕೂತ್ಕೊಂಡು ಹೋಗ್ಬಿಡ್ತಾಳೆ."

೩, ಮುಂದುವರಿದದ್ದು

(ಇಲ್ಲಿ ಹಿಲ್ಲೆವಿಯ ಮನಸ್ಸಿನೊಳಗೆ ಒಂದು ಪುಟ ಅಡ್ಡಾಡಿದ್ದೆ, ಹಿಮದ ಬಣ್ಣ ಗಿಮದ ಬಣ್ಣವೆಲ್ಲ ಇತ್ತು. ಸಮಯವಿಲ್ಲ, ಹತ್ತೂ ನಲವತ್ತಾಗಿದೆ.)

ಅವಳಿಗೆ ಕಂಡದ್ದು ಇಷ್ಟೇ. ಇನ್ನೂರು ದಿನ ಕಣಗಳನ್ನು ಇಳಿಯಗೊಡದೆ ಹಿಡಿದದ್ದು ಅವಳ ಎಣ್ಣೆಯಲ್ಲ, ರೂನೆಯ ಕೈ. ಗೇರ್‌ಬಾಕ್ಸಿನಲ್ಲಿ ರೂನೆ ಇಲ್ಲ. ಮೇ ತಿಂಗಳಿಂದ ಅದನ್ನು ಯಾರೂ ತಲೆಕೆಳಗೆ ಮಾಡಿಲ್ಲ. ತಳದಲ್ಲಿ ಕಪ್ಪು ಕೆಸರು ಕೂತಿದೆ. ಗುಂಡಿ ಒತ್ತಿದೊಡನೆ ಪಂಪು ಅದನ್ನೇ ಹೀರುತ್ತದೆ, ಸೋಸುವ ಜಾಲರಿ ಕಟ್ಟಿಕೊಳ್ಳುತ್ತದೆ, ಬೇರಿಂಗುಗಳು ಒಣಗುತ್ತವೆ. ನಿನ್ನೆ ಖಾಲಿ ಓಡಿಸಿ ನೋಡಿರುತ್ತಾರೆ, ಓಡಿರುತ್ತದೆ. ಖಾಲಿ ಕುರ್ಚಿಗೆ ಭಾರವೆಲ್ಲಿ? ಎಂಬತ್ತು ಮುದುಕರು ಗುಡ್ಡದ ಅರ್ಧದಲ್ಲಿ ಕಾಲು ಇಳಿಬಿಟ್ಟು ಕೂತಾಗ ಒಳಗೊಂದು ದಂಡ ಮುರಿದರೆ ಹಗ್ಗ ಹಿಮ್ಮುಖವಾಗಿ ಓಡುತ್ತದೆ. ಹಗ್ಗ ತಿರುಗಿಸುವ ದೊಡ್ಡ ಚಕ್ರಕ್ಕೆ ಬ್ರೇಕ್ ಇದೆ. ಹಿಡಿದರೆ ಹಿಡಿಯಿತು.

ಕೆಸರು ಇಲ್ಲದೆಯೂ ಇರಬಹುದು. ಏನೂ ಆಗದೆಯೂ ಹೋಗಬಹುದು. ಆರು ವರ್ಷದ ಕೆಲಸ ಈಗಷ್ಟೇ ಗೋಡೆಗೇರಿದೆ.

ಅವಳು ಕೇಕಿನ ಇನ್ನೊಂದು ತುಂಡು ಬಾಯಿಗಿಟ್ಟಳು. ಬಾಗಿಲ ಬಳಿ ರೂನೆ ಟೋಪಿ ಹುಡುಕುತ್ತಿದ್ದ.

೪

ಮುಕ್ತಾಯ ಒಂದು: ಅವಳು ಸುಮ್ಮನಿರುತ್ತಾಳೆ. ಲಿಫ್ಟ್ ಸೊಗಸಾಗಿ ಓಡುತ್ತದೆ. ಮೂರು ವಾರದಲ್ಲಿ ಡಾಕ್ಟರ್. ಮುಂದೆ ಬದುಕಿಡೀ ಬಾಟಲಿ ಕಂಡಲ್ಲೆಲ್ಲ ತಿರುಗಿಸಿ ಇಡುತ್ತಾಳೆ.

ಮುಕ್ತಾಯ ಎರಡು: ಅವಳು ಸುಮ್ಮನಿರುತ್ತಾಳೆ. (ಇದನ್ನು ಬರೆದು ಹರಿದೆ. ಸಿಗ್ನೆಯ ಕೈಚೀಲದಲ್ಲಿ ಎರಡು ಕಿತ್ತಳೆ ಇಟ್ಟಿದ್ದೆ. ಅವು ಹಿಮದ ಮೇಲೆ ಉರುಳುವುದನ್ನು ಬರೆಯಲು ಕೈ ಬರಲಿಲ್ಲ.)

ಹಾಗಾಗಿ ನಾನೊಂದು ಉಪಾಯ ಮಾಡಿದೆ: ಇಲ್ಲೇ ನಿಲ್ಲಿಸಿಬಿಡೋಣ. ಈ ಜಾತಿಯ ಕಥೆಗಳಲ್ಲಿ ಅದಕ್ಕೆ ಅನುಮತಿ ಇದೆ. ನಾನು ಮುಗಿಸದಿದ್ದರೆ ಯಾರೂ ಬೀಳುವುದಿಲ್ಲ.

"ಮುಗಿಸದಿದ್ರೆ ಯಾರೂ ಇಳಿಯೋದೂ ಇಲ್ಲ," ಅಂದಳು ಹಿಲ್ಲೆವಿ.

ನಾನು ಕಾಗದದಿಂದ ಪೆನ್ನು ಎತ್ತಿದೆ.

"ಮೈನಸ್ ಹದಿನೆಂಟು ಇದೆ ಹೊರಗೆ. ಆ ಮುದುಕರನ್ನ ಮೇಲೆ ತೂಗುಬಿಟ್ಟು ನೀನು ಕಾಫಿಗೆ ಹೋಗ್ತೀಯಾ? ನೀನೂ ನನ್ನ ಹಾಗೇನೇ ಬಿಡು. ಸುಮ್ನಿರೋದಕ್ಕೆ ಒಳ್ಳೆ ಹೆಸರು ಕೊಟ್ಕೊಂಡಿದೀಯ ಅಷ್ಟೆ."

"ನಿನ್ನನ್ನ ಧೈರ್ಯವಂತೆ ಮಾಡ್ಲಾ ಹಾಗಾದ್ರೆ?"

"ಬೇಡ. ಹೆದರ್ಕೊಂಡಿದೀನಿ ಅಂತ್ಲೇ ಬರಿ. ಕೈ ನಡುಗ್ತಿದೆ ಅಂತ ಬರಿ. ಆದ್ರೆ ಆ ಕೈಗೆ ಫೋನ್ ಕೊಡು."

ಕೊಟ್ಟೆ.

೫

ಕೈ ನಡುಗುತ್ತಿತ್ತು. ಲಿಫ್ಟಿನ ಗುಡಿಸಲಿನ ನಂಬರು ಎರಡು ಸಲ ತಪ್ಪಿತು. ಅವಳ ಪ್ರಬಂಧದ ಮಾರ್ಗದರ್ಶಕರು ಕಾಫಿ ಕಪ್ಪು ಹಿಡಿದು ಹತ್ತಿರ ಬಂದರು. "ಯಾರಿಗೆ ಫೋನು, ಅಪ್ಪನಿಗಾ?"

"ನಾಲ್ಕನೇ ಅಧ್ಯಾಯ ತಪ್ಪು," ಅಂದಳು ಹಿಲ್ಲೆವಿ. "ಎಣ್ಣೆ ತಳ ಕಚ್ಚತ್ತೆ. ಲಿಫ್ಟ್ ಬಿಡ್ಬಾರ್ದು."

ಹೇಳಿಯಾದ ಮೇಲೆ ಮೊಳೆ ಹಲಗೆಯಲ್ಲಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಬಾಗಿಲಲ್ಲಿ ರೂನೆ ಒಂದು ಕಿವಿಗೆ ಟೋಪಿ ಎಳೆದುಕೊಂಡು ಹಾಗೇ ನಿಂತಿದ್ದ.

"ಯಾವ ಲಿಫ್ಟು?" ಅಂದ. ಹಿಲ್ಲೆವಿ ಮೂರನೇ ಸಲ ನಂಬರು ಒತ್ತಿ ಫೋನನ್ನು ಕಿವಿಗಿಟ್ಟಳು. "ಏ ಹುಡುಗಿ, ಯಾವ ಲಿಫ್ಟಲ್ಲಿದೆ ಅದು?"

ಗುಡ್ಡದ ಬುಡದಲ್ಲಿ ಸೀವಾರ ಮೊದಲ ಕುರ್ಚಿಗಳಿಗೆ ಜನರನ್ನು ಕೂರಿಸಿ ಗುಡಿಸಲಿಗೆ ಬಂದಿದ್ದ. ಹತ್ತೂ ಐವತ್ತೆಂಟು. ಎರಡು ನಿಮಿಷ ಮೊದಲೇ ಬಿಡೋಣ, ಪಾಪ, ಚಳಿ, ಅಂದುಕೊಂಡ. ಎದುರಿಗೆ ಲಿಫ್ಟ್ ಓಡಿಸುವ ಹಸಿರು ಗುಂಡಿ. ಪಕ್ಕದ ಗೋಡೆಯಲ್ಲಿ ಫೋನು, ಅದು ಬಡಿದುಕೊಳ್ಳುತ್ತಿದೆ.

ಅವನ ಕೈಗಳಲ್ಲಿ ದಪ್ಪ ಉಣ್ಣೆಯ ಕೈಗವಸು. ಫೋನ್ ಎತ್ತಬೇಕಾದರೆ ಕಳಚಬೇಕು. ಗುಂಡಿ ಒತ್ತಲು ಕಳಚಬೇಕಾಗಿಲ್ಲ.

ನಾನು ಅವನೊಡನೆ ಮಾತಾಡಲು ನೋಡಿದೆ. ಅವನಿಗೆ ನನ್ನ ದನಿ ಕೇಳುವುದಿಲ್ಲ. ಎರಡನೇ ಕುರ್ಚಿಯಲ್ಲಿ ಸಿಗ್ನೆ ಪಕ್ಕದ ಜಾಗಕ್ಕೆ ತನ್ನ ಚೀಲ ಇಟ್ಟು, ಇದು ನನ್ನ ಗಂಡನದು ಎನ್ನುತ್ತಿದ್ದಾಳೆ.

ಫೋನು ಐದನೇ ಸಲ ಬಡಿದುಕೊಂಡಿತು. ಸೀವಾರ ಬಲಗೈಯನ್ನು ಬಾಯಿಗೆ ತಂದು, ಕೈಗವಸಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿದ. ಎಡಗೈ ಗುಂಡಿಯ ಮೇಲಿದೆಯೋ ಇಲ್ಲವೋ ನನಗೆ ಇಲ್ಲಿಂದ ಕಾಣುತ್ತಿಲ್ಲ.