‘ಯಾಕೆ’ ಎಂದು ಕೇಳದ ಸಾಹೇಬರು

ಮನುಷ್ಯರನ್ನು ಪ್ರಶ್ನಿಸುವುದಕ್ಕಾಗಿಯೇ ಸರ್ಕಾರದಿಂದ ಸಂಬಳ ಪಡೆಯುತ್ತಿದ್ದ ಒಬ್ಬ ತನಿಖಾಧಿಕಾರಿ, ಮಾತು ಕಲಿತ ಮಗು ಕೂಡ ದಿನವಿಡೀ ಕೇಳಿ ಪ್ರಾಣ ತಿನ್ನುವ ಪ್ರಶ್ನೆಯೊಂದನ್ನು ತನ್ನ ವಿಚಾರಣೆಯ ಕೋಣೆಯಲ್ಲಿ ಕೇಳುತ್ತಲೇ ಇರಲಿಲ್ಲ ಎಂದರೆ ಯಾರು ತಾನೇ ನಂಬುತ್ತಾರೆ? ಆ ಪ್ರಶ್ನೆ ‘ಯಾಕೆ’. ಎಲ್ಲಿ, ಯಾವಾಗ, ಯಾರ ಜೊತೆ ಎಂಬುದೆಲ್ಲ ಅವರ ಬಾಯಿಂದ ಅಪರೂಪಕ್ಕಾದರೂ ಬರುತ್ತಿತ್ತು. ‘ಯಾಕೆ’ ಮಾತ್ರ ಬರುತ್ತಿರಲಿಲ್ಲ. ಅದೇ ಕೋಣೆಯ ಮೂಲೆಯಲ್ಲಿ ಶೀಘ್ರಲಿಪಿಗಾರ್ತಿಯಾಗಿ ಕೂತು ಸಾಕ್ಷಿಗಳ, ಆರೋಪಿಗಳ ಮಾತು ಬರೆದು ಬರೆದು ಬೆರಳು ಸವೆಸಿಕೊಂಡ ನಾನು, ಈ ಹಟ ಒಂದಲ್ಲ ಒಂದು ದಿನ ಮುರಿದೀತೆಂದು ಕಾದದ್ದೇ ಕಾದದ್ದು. ಕೊನೆಗೆ ತಡೆಯಲಾರದೆ ನಾನೇ ಬಾಯಿಬಿಟ್ಟು ಕೇಳಿದೆ. ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು.

“‘ಯಾಕೆ’ ಅಂದ್ರೆ ಸಾಕಮ್ಮ, ಎದುರಿಗಿರೋನು ತನಗೆ ತಾನೇ ವಕೀಲ ಆಗ್ಬಿಡ್ತಾನೆ. ನನಗೆ ವಕೀಲ ಬೇಡ. ಅವತ್ತು ಅಲ್ಲಿ ಇದ್ದೋನು ಬೇಕು.”

ಅವರಿಗೆ ಪ್ರಿಯವಾಗಿದ್ದದ್ದು ಬೇರೊಂದು ಪದ: ‘ಆಮೇಲೆ?’ ಅದನ್ನು ಅವರು ಹೇಳುತ್ತಿದ್ದ ರೀತಿಯೂ ವಿಚಿತ್ರ. ದನಿಯಲ್ಲಿ ಆತುರವಿಲ್ಲ, ಕುತೂಹಲದ ತೋರಿಕೆಯಿಲ್ಲ. ಎದುರಿನವನು ಮಾತು ನಿಲ್ಲಿಸಿ, ಉಗುಳು ನುಂಗಿ, ಗೋಡೆ ನೋಡಿ, ನೆಲ ನೋಡಿ, ಇನ್ನು ಹೇಳುವುದೇನೂ ಇಲ್ಲವೆಂದು ತೀರ್ಮಾನಿಸುವಷ್ಟು ಹೊತ್ತು ಸುಮ್ಮನಿದ್ದು, ಆಮೇಲಷ್ಟೇ ಮೆಲ್ಲಗೆ ‘ಆಮೇಲೆ?’ ಅನ್ನುತ್ತಿದ್ದರು. ಇಲಾಖೆಯವರು ಅವರಿಗೆ ‘ಆಮೇಲೆ ಸಾಹೇಬರು’ ಎಂದೇ ಹೆಸರಿಟ್ಟಿದ್ದರು. ಬೆನ್ನ ಹಿಂದೆ ಹೇಳಿದರೂ ಅದು ಅವರಿಗೆ ಗೊತ್ತಿತ್ತು, ಅವರ ಹೆಂಡತಿಗೂ ಗೊತ್ತಿತ್ತು. ಆ ತಾಯಿ ಕಚೇರಿಗೆ ಫೋನು ಮಾಡಿದರೆ, “ನಿಮ್ಮ ಆಮೇಲೆ ಸಾಹೇಬರು ಊಟಕ್ಕೆ ಈಗ ಬರ್ತಾರಂತಾ?” ಎಂದು ನನ್ನನ್ನೇ ಕೇಳುತ್ತಿದ್ದರು.

ನೋಡುವುದಕ್ಕೆ ಅವರು ಅಂಥ ಆಸಾಮಿಯೇನಲ್ಲ. ಎತ್ತರದ ಆಳು, ಸ್ವಲ್ಪ ಬಾಗಿದ ಬೆನ್ನು, ಬಲಗಾಲಿನ ಚಪ್ಪಲಿಯನ್ನು ಮಾತ್ರ ಎಳೆದು ಹಾಕುವ ನಡಿಗೆ. ಕಾರಿಡಾರಿನಲ್ಲಿ ಆ ಸರಸರ ಶಬ್ದ ಕೇಳಿದೊಡನೆ ನಾನು ಪೆನ್ಸಿಲು ಕೆತ್ತಿ ಸಿದ್ಧವಾಗುತ್ತಿದ್ದೆ. ವಿಚಾರಣೆಗೆ ಬಂದವರನ್ನು ಒಳಗೆ ಕರೆತರುವಾಗ ಅವರು ಎಂದೂ ಮುಂದೆ ನಡೆದವರಲ್ಲ, ತೋಳು ಹಿಡಿದವರಲ್ಲ. ಮದುವೆಮನೆಯಲ್ಲಿ ಹಿರಿಯರನ್ನು ಒಳಗೆ ಕರೆದೊಯ್ಯುವ ಮನೆಯವರ ಹಾಗೆ ಅರ್ಧ ಹೆಜ್ಜೆ ಹಿಂದೆ, ಪಕ್ಕದಲ್ಲಿ ನಡೆಯುತ್ತಿದ್ದರು. ಒಂದು ಕಂದು ಬಣ್ಣದ ಕೋಟಿತ್ತು. ಅದರ ಗುಂಡಿಗಳಲ್ಲಿ ಒಂದು ಕಪ್ಪು, ಉಳಿದವು ಕಂದು. ಕೋಣೆಯ ಹೊಸ್ತಿಲಿಗೆ ಬಂದಾಗ ಅದನ್ನು ಬಿಚ್ಚಿ ಹೊರಗಿನ ಮೊಳೆಗೆ ತೂಗುಹಾಕಿಯೇ ಒಳಬರುತ್ತಿದ್ದರು, ಅದೆಂಥ ಚಳಿಯಿರಲಿ. ಕೋಟು ಒಳಗೆ ಬಂದರೆ ಅದೇ ಮಾತಾಡಿಬಿಡುತ್ತದೆ, ತಮಗೆ ಸರದಿ ಸಿಗುವುದಿಲ್ಲ ಅನ್ನುವುದು ಅವರ ತಮಾಷೆ.

ಕೋಣೆಯಲ್ಲಿ ಎರಡು ಕುರ್ಚಿ, ನನ್ನ ಸ್ಟೂಲು, ಒಂದು ಮೇಜು. ಬಾಗಿಲ ಬಳಿಯ ಮರದ ಕುರ್ಚಿ ಬಂದವರಿಗೆ. ಗೋಡೆಗೆ ಒತ್ತಿದ, ಸುಲಭವಾಗಿ ಎದ್ದು ಹೋಗಲಾಗದ ಕುರ್ಚಿ ಸಾಹೇಬರಿಗೆ. ಕೊಲೆ ಮಾಡಿ ಬಂದವನಿಗೂ ಬಹುವಚನ. ಮೊದಲು ಹೊಟ್ಟೆಗೆ ಏನಾದರೂ ಬೇಕೇ, ಮನೆಯಲ್ಲಿ ಯಾರಿಗಾದರೂ ತಡವಾಗುತ್ತದೆಂದು ತಿಳಿಸಬೇಕೇ ಎಂದು ವಿಚಾರಿಸಿ, ಆಮೇಲೆ ತಾವು ಯಾರು, ಏನು ಬರೆದುಕೊಳ್ಳಲಾಗುತ್ತದೆ, ಅದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಒಂದೂ ಬಿಡದೆ ಹೇಳುವರು. ‘ಏನೂ ಆಗಲ್ಲ, ಧೈರ್ಯವಾಗಿ ಹೇಳಿ’ ಎಂಬ ಮಾತಿಗೆ ಆ ಕೋಣೆಯಲ್ಲಿ ಪ್ರವೇಶವಿರಲಿಲ್ಲ. ಒಮ್ಮೆ ಅಳುತ್ತಿದ್ದ ಹುಡುಗಿಯೊಬ್ಬಳಿಗೆ ನಾನೇ ಕನಿಕರಪಟ್ಟು ಹಾಗಂದುಬಿಟ್ಟೆ. ಆಕೆ ಹೋದ ಮೇಲೆ ಸಾಹೇಬರು, ಏನಾಗುತ್ತದೆಂದು ನಮಗೆ ಗೊತ್ತಿಲ್ಲದಿರುವಾಗ ಏನೂ ಆಗುವುದಿಲ್ಲವೆಂದು ಹೇಗೆ ಹೇಳಿದಿರಿ ಎಂದು ಮೆತ್ತಗೇ ಕೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಎರಡು ದಿನ ಮುಖ ಊದಿಸಿಕೊಂಡಿದ್ದೆ.

ಅವರ ತಾಳ್ಮೆ ನನ್ನ ತಾಳ್ಮೆಯನ್ನು ಎಷ್ಟು ಸಲ ಪರೀಕ್ಷಿಸಿತೋ! ಕಳ್ಳತನದ ಮೊಕದ್ದಮೆಯೊಂದರಲ್ಲಿ ಸಾಕ್ಷಿಯಾಗಿ ಬಂದ ಅಜ್ಜಿ ಬೆಳಗಿನಿಂದ ಮಧ್ಯಾಹ್ನದವರೆಗೆ ತನ್ನ ಸೊಸೆಯ ಸೋಮಾರಿತನವನ್ನೇ ಬಣ್ಣಿಸಿದಳು. ಸೊಸೆ ಏಳುವುದು ಯಾವಾಗ, ಪಾತ್ರೆ ತೊಳೆಯುವುದು ಹೇಗೆ, ನೆಂಟರು ಬಂದರೆ ಅವಳಿಗೆ ಬರುವ ತಲೆನೋವು ಎಂಥದು, ಎಲ್ಲವೂ ನನ್ನ ಶೀಘ್ರಲಿಪಿಯಲ್ಲಿ ದಾಖಲಾಯಿತು. ಸಾಹೇಬರು ‘ಆಮೇಲೆ?’ ಅನ್ನುತ್ತಲೇ ಇದ್ದರು. ಕೊನೆಗೆ ಅಜ್ಜಿ, ಆ ಮಹಾರಾಣಿ ಮಲಗಿದ್ದರಿಂದ ಒದ್ದೆ ಬಟ್ಟೆಯನ್ನು ತಾನೇ ಹೊತ್ತು ಮಹಡಿ ಹತ್ತಬೇಕಾಯಿತೆಂದೂ, ಅಲ್ಲಿಂದ ನೋಡಿದರೆ ಪಕ್ಕದ ಮನೆಯ ಗೋಡೆ ಹಾರುತ್ತಿದ್ದವನು ಆ ಮನೆಯ ಕಾರು ತೊಳೆಯುವವನೇ ಎಂದೂ ಹೇಳಿದಳು. ಅವಳನ್ನು ಬೀಳ್ಕೊಡುವಾಗ ಸಾಹೇಬರು, ಸೊಸೆಗೆ ಇಲಾಖೆಯ ಪರವಾಗಿ ಕೃತಜ್ಞತೆ ತಿಳಿಸಬೇಕೆಂದು ಕೇಳಿಕೊಂಡರು. ಅಜ್ಜಿ ಮೂಗು ಮುರಿದು ಹೊರಟುಹೋದಳು.

ಅದೇ ಕಚೇರಿಯಲ್ಲಿ ಇನ್ನೊಬ್ಬ ಅಧಿಕಾರಿಯಿದ್ದ; ಅವನನ್ನು ಎಲ್ಲರೂ ‘ಸಿಡಿಲು’ ಎನ್ನುತ್ತಿದ್ದರು. ಕೆಟ್ಟವನಲ್ಲ, ಲಂಚ ಮುಟ್ಟಿದವನಲ್ಲ. ಆದರೆ ಉತ್ತರ ಮೊದಲೇ ಗೊತ್ತಿದೆಯೆಂದು ನಂಬಿ ಪ್ರಶ್ನೆ ಕೇಳುವ ಜಾತಿಯವನು. ಅವನ ಕೋಣೆಗೂ ಬರೆದುಕೊಳ್ಳಲು ಹೋಗುತ್ತಿದ್ದವಳು ನಾನೇ. ಒಂದು ಮರದ ಸಾಮಾನಿನ ಕಾರ್ಖಾನೆಗೆ ಮುಸ್ಸಂಜೆ ಬೆಂಕಿ ಬಿದ್ದು, ಉಳಿದವರೆಲ್ಲ ಮನೆಗೆ ಹೋದ ಮೇಲೂ ಬೀರುವೊಂದರ ಕೆಲಸ ಮುಗಿಸಲು ಒಳಗುಳಿದಿದ್ದ ಹಿರಿಯ ಬಡಗಿ ತೀರಿಕೊಂಡಿದ್ದ. ಅವನ ಸ್ವಂತ ತಮ್ಮ ಅಲ್ಲೇ ಪಾಲಿಷ್ ಕೆಲಸದವನು. ಪಾಲಿಷ್ ಕಲೆಗಟ್ಟಿತೆಂದು ಅಣ್ಣ ಆ ಮಧ್ಯಾಹ್ನ ಎಲ್ಲರೆದುರು ಅವನನ್ನು ಬೈದಿದ್ದ, ತಮ್ಮ ಮುಖ ಕೆಂಪಗೆ ಮಾಡಿಕೊಂಡು ಕೆಲಸ ಬಿಟ್ಟು ಎದ್ದುಹೋಗಿದ್ದ. ಸಿಡಿಲಿಗೆ ಇಷ್ಟು ಸಾಕಾಯಿತು. ಸಿಟ್ಟಿತ್ತೋ ಇಲ್ಲವೋ, ವಾಪಸು ಬಂದೆಯೋ ಇಲ್ಲವೋ, ಕಡ್ಡಿ ಗೀರಿದೆಯೋ ಇಲ್ಲವೋ ಎಂದು ಅವನು ಮೇಜು ಕುಟ್ಟಿ ಕುಟ್ಟಿ ಕೇಳಿದ; ಮೂರನೆಯ ದಿನ ಪಾಲಿಷ್ ಕೆಲಸದವನು ತಲೆ ತಗ್ಗಿಸಿ ಎಲ್ಲದಕ್ಕೂ ಹೌದು ಎಂದ. ‘ದ್ವೇಷಪೂರಿತನಾಗಿ, ಪೂರ್ವಯೋಜಿತವಾಗಿ’ ಎಂದು ಸಿಡಿಲು ಹೇಳಿ ಬರೆಸಿದ. ಆ ಬಡಪಾಯಿ ಜನ್ಮದಲ್ಲಿ ಆಡಿರದ ಮಾತುಗಳು ಅವು.

ಇನ್ನೊಬ್ಬ ಅಧಿಕಾರಿಯ ಸಹಿಯೂ ಬೇಕಿದ್ದರಿಂದ ಕಡತ ಸಾಹೇಬರ ಮೇಜಿಗೆ ಬಂತು. ಅವರು ಓದಿದರು, ಪೆನ್ನು ಮುಚ್ಚಿಟ್ಟರು, ಕೋಟು ಹಾಕಿಕೊಂಡು ಮೇಲಧಿಕಾರಿಯ ಬಳಿಗೆ ಹೋದರು. ನಾನೂ ಕಾಗದ ಹಿಡಿದು ಹಿಂದೆ ನಿಂತಿದ್ದೆ. ಆರೋಪಿಯೇ ಒಪ್ಪಿಕೊಂಡಿರುವಾಗ ಇನ್ನೇನು ತಕರಾರು ಎಂದು ಮೇಲಧಿಕಾರಿ ಸಿಡುಕಿದರು. ಕೊಲೆಯ ಆರೋಪ ಅದು; ಸಹಿ ಬಿದ್ದರೆ ಆ ಮನುಷ್ಯನ ಬದುಕು ಜೈಲಿನಲ್ಲೇ ಮುಗಿದಂತೆ.

“ಒಪ್ಕೊಂಡಿದ್ದಾರೆ ಸಾರ್,” ಎಂದರು ಸಾಹೇಬರು. “ನಡೆದದ್ದನ್ನ ಹೇಳಿಲ್ಲ.”

ಒಂದು ದಿನದ ಅವಕಾಶ ಸಿಕ್ಕಿತು. ಪಾಲಿಷ್ ಕೆಲಸದವನು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತ. ಅವನ ಹೆಂಡತಿ ಹೊರಗಿನ ಬೆಂಚಿನಲ್ಲಿ ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದಳು. ಸಾಹೇಬರು ಎಂದಿನಂತೆ ನೀರು ಕೊಟ್ಟರು, ಎಲ್ಲವನ್ನೂ ವಿವರಿಸಿದರು. ಅವನಿಗೆ ಅದಾವುದೂ ಬೇಕಿರಲಿಲ್ಲ. ಮತ್ತೆ ಹೌದೆನ್ನಬೇಕೇನು, ಎಲ್ಲಿ ಸಹಿ ಹಾಕಲಿ ಎಂದಷ್ಟೇ ಕೇಳಿದ. ಸಾಹೇಬರು ಬೆಂಕಿಯ ಸುದ್ದಿಯನ್ನೇ ಎತ್ತಲಿಲ್ಲ. ಅವನ ಕೈಬೆರಳುಗಳು ಕುರ್ಚಿಯ ತೋಳನ್ನು ಸವರುತ್ತಿದ್ದದ್ದನ್ನು ನೋಡಿ, ಇದು ಯಾವ ಮರವಿರಬಹುದು ಎಂದರು. ತೇಗ ಎಂದ. ಯಾರೋ ಅದಕ್ಕೆ ಬಣ್ಣ ಬಳಿದು ಹಾಳು ಮಾಡಿದ್ದಾರೆಂದೂ ಸೇರಿಸಿದ. ಆಮೇಲೆ? ಎಣ್ಣೆ ಕೊಡಬೇಕಿತ್ತು ಎಂದ. ಹೇಗೆ ಕೊಡಬೇಕು? ಅಲ್ಲಿಂದ ಅವನ ನಾಲಿಗೆ ಸಡಿಲವಾಯಿತು. ಮರಳುಕಾಗದದಿಂದ ಉಜ್ಜುವುದು, ಹಳೇ ಬಟ್ಟೆಯ ತುಂಡನ್ನು ಅಗಸೆ ಎಣ್ಣೆಯಲ್ಲಿ ಅದ್ದುವುದು, ಮರದ ಎಳೆ ಹೋದ ದಿಕ್ಕಿನಲ್ಲೇ ಒರೆಸುವುದು. ಹತ್ತನೆಯ ವಯಸ್ಸಿನಲ್ಲಿ ಅಣ್ಣ ಕೈಹಿಡಿದು ಕಲಿಸಿದ್ದು. ನನ್ನ ಪೆನ್ಸಿಲು ಓಡುತ್ತಿತ್ತು, ಒಳಗೊಳಗೇ ನಾನು ಗಡಿಯಾರ ನೋಡಿ ಚಡಪಡಿಸುತ್ತಿದ್ದೆ: ಇದ್ದದ್ದೊಂದು ದಿನ, ಈ ಪುಣ್ಯಾತ್ಮರು ಪಾಲಿಷ್ ಕಲಿಯುತ್ತ ಕೂತಿದ್ದಾರಲ್ಲ!

“ಆಮೇಲೆ?”

“ಆಮೇಲೆ ಸಂಜೆ ಆ ಬಟ್ಟೆ ತುಂಡುಗಳನ್ನೆಲ್ಲ ಹಿತ್ತಲಲ್ಲಿ ತಂತಿ ಮೇಲೆ ಒಂದೊಂದಾಗಿ ಹರವಬೇಕು ಸಾರ್. ರಾಶಿ ಹಾಕ್ಬಾರ್ದು. ರಾಶಿ ಹಾಕಿದ್ರೆ ಒಳಗೊಳಗೇ ಕಾಯುತ್ತೆ. ಅಣ್ಣ ದಿನಾ…”

ಮಾತು ಅಲ್ಲೇ ನಿಂತಿತು. ಸಾಹೇಬರು ಈ ಸಲ ‘ಆಮೇಲೆ’ ಎನ್ನಲಿಲ್ಲ. ಹೊರಗೆ ಯಾರೋ ಬಕೆಟ್ಟು ಎಳೆದ ಸದ್ದು, ಬೆಂಚಿನಲ್ಲಿದ್ದ ಅವನ ಹೆಂಡತಿಯ ಕೆಮ್ಮು.

“ಅವತ್ತು ಹರವಲಿಲ್ಲ,” ಎಂದ ಅವನು. “ಸಿಟ್ಟಲ್ಲಿ ಎಲ್ಲಾ ಮೂಲೆಗೆ ಎಸೆದು ಹೋದೆ. ಮನೇಗೆ ಹೋಗಿ ಮಲಗ್ಬಿಟ್ಟೆ.”

ಹಿಂತಿರುಗಿ ಬಂದದ್ದಿಲ್ಲ, ಕಡ್ಡಿ ಗೀರಿದ್ದಿಲ್ಲ. ಸಾಹೇಬರು ಕನ್ನಡಕ ತೆಗೆದರು. ಆಗ, ನನ್ನ ಕಿವಿಯನ್ನು ನಾನೇ ನಂಬದಂತೆ, ಅವರ ಬಾಯಿಂದ ಆ ಪದ ಬಂತು.

“ಮತ್ತೆ ಬೆಂಕಿ ಹಚ್ಚಿದೆ ಅಂತ ಯಾಕೆ ಹೇಳಿದ್ರಿ?”

“ಸಿಟ್ಟಿತ್ತಾ ಅಂದ್ರು, ಇತ್ತು ಸಾರ್. ನಿನ್ನಿಂದ ಸತ್ತನಾ ಅಂದ್ರು, ನನ್ನಿಂದಾನೇ ಸತ್ತ. ಹಚ್ಚಿದ್ರೇನು, ಮರೆತ್ರೇನು? ಸತ್ತೋನಿಗೆ ಏನು ವ್ಯತ್ಯಾಸ?”

ನಿಮ್ಮ ತಪ್ಪೇನಿಲ್ಲ ಎಂದು ಒಂದು ಮಾತು ಅಂದುಬಿಡಬಾರದೇ ಈ ಮನುಷ್ಯ ಎಂದು ಸಾಹೇಬರ ಮುಖ ನೋಡಿದೆ. ಅನ್ನಲಿಲ್ಲ. ಗೊತ್ತಿಲ್ಲದ್ದನ್ನು ಹೇಳುವವರಲ್ಲ ಅವರು.

“ಸತ್ತೋನಿಗೆ ಇಲ್ಲ,” ಎಂದರು. “ಆದ್ರೆ ನಿಮ್ಮಣ್ಣ ತಮ್ಮನ ಕೈಯಲ್ಲಿ ಸತ್ತ ಅಂತ ನಾಳೆಯಿಂದ ಜನ ಹೇಳ್ತಾರೆ. ಅದು ನಿಜ ಅಲ್ಲ. ಅಣ್ಣನ ಸಾವನ್ನಾದ್ರೂ ಸುಳ್ಳು ಮಾಡ್ಬೇಡಿ.”

ಆಗ ಅವನು ಅತ್ತ. ಮೂರು ದಿನ ಬೈಸಿಕೊಂಡಾಗ, ಹೌದೆಂದು ಒಪ್ಪಿದಾಗ, ಒಂದು ಹನಿ ಹಾಕದಿದ್ದವನು. ಸಾಹೇಬರು ಎದ್ದು ಬಾಗಿಲು ತೆರೆದು ಅವನ ಹೆಂಡತಿಯನ್ನು ಒಳಗೆ ಕರೆದರು.

ಅಗ್ನಿಶಾಮಕ ದಳದವರನ್ನು ಮತ್ತೆ ಕರೆಸಲಾಯಿತು. ಎಣ್ಣೆ ಕುಡಿದ ಬಟ್ಟೆ ರಾಶಿಯಾಗಿ ಬಿದ್ದರೆ ತಾನಾಗಿಯೇ ಕಾದು ಹೊತ್ತಿಕೊಳ್ಳಬಲ್ಲದೆಂದೂ, ಸುಟ್ಟ ಗುರುತು ಹೊರಟದ್ದು ಆ ಮೂಲೆಯಿಂದಲೇ ಎಂದೂ ಅವರು ಬರೆದುಕೊಟ್ಟರು. ಕೊಲೆಯ ಆರೋಪ ಬಿದ್ದುಹೋಯಿತು. ಸಿಡಿಲು ತಿಂಗಳುಗಟ್ಟಲೆ ನಮ್ಮಿಬ್ಬರೊಡನೆ ಮುಖಕೊಟ್ಟು ಮಾತಾಡಲಿಲ್ಲ. ನನ್ನ ಕುತೂಹಲ ಬಿಡಬೇಕಲ್ಲ. ಅಷ್ಟು ವರ್ಷದ ಹಟವನ್ನು ಅವತ್ತೇಕೆ ಮುರಿದಿರಿ ಎಂದು ಕೇಳಿದೆ.

“ಅಷ್ಟೊತ್ತಿಗೆ ವಿಚಾರಣೆ ಮುಗಿದಿತ್ತಮ್ಮ,” ಎಂದರು. “ಅದು ಬರೀ ಮಾತುಕತೆ.”

ಬಹಳ ಕಾಲದ ಮೇಲೆ ಒಂದು ಬೆಳಗ್ಗೆ ಪಾಲಿಷ್ ಕೆಲಸದವನು ಚೀಲ ಹಿಡಿದು ಕಚೇರಿಗೆ ಬಂದ. ಆ ಕುರ್ಚಿಯನ್ನು ಒಂದು ದಿನದ ಮಟ್ಟಿಗೆ ಕೊಡಬೇಕೆಂದ. ಸಾಹೇಬರು ತಾವೇ ಅದನ್ನು ಎತ್ತಿ ವರಾಂಡಕ್ಕೆ ತಂದಿಟ್ಟರು. ಅವನು ಬಣ್ಣ ಕೆರೆದು, ಉಜ್ಜಿ, ಎಣ್ಣೆ ಕೊಟ್ಟು ಒರೆಸಿದ. ಎಷ್ಟೋ ಮಂದಿ ಬೆವರುಗೈಯಲ್ಲಿ ಹಿಡಿದು ಕಪ್ಪಾಗಿದ್ದ ತೋಳುಗಳಲ್ಲಿ ಮರದ ಎಳೆ ಎದ್ದು ಕಂಡಿತು. ಕೆಲಸ ಮುಗಿದ ಮೇಲೆ ಅವನು ಬಟ್ಟೆ ತುಂಡುಗಳನ್ನು ವರಾಂಡದ ಕಂಬಿಯ ಮೇಲೆ ಒಂದೊಂದಾಗಿ, ಅಂಚು ಅಂಚಿಗೆ ತಾಗದಂತೆ ಹರವತೊಡಗಿದ. ಕೊನೆಯದನ್ನು ಹರವದೆ ಕೈಯಲ್ಲೇ ಹಿಡಿದು ನಿಂತ. ಸಾಹೇಬರು ಪಕ್ಕಕ್ಕೆ ಬಂದು, ಅರ್ಧ ಹೆಜ್ಜೆ ಹಿಂದೆ ನಿಂತು, ಅದರ ಇನ್ನೊಂದು ತುದಿ ಹಿಡಿದುಕೊಂಡರು. ಇಬ್ಬರೂ ಸೇರಿ ಅದನ್ನು ಹರವಿದರು.

ಉತ್ತರ ಬೇಕಾದವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಕಚೇರಿಗಳಲ್ಲಿ, ಶಾಲೆಗಳಲ್ಲಿ, ಊಟದ ಮೇಜಿನ ಸುತ್ತಲೂ ಅವರದೇ ದನಿ. ಎದುರಿಗೆ ಕೂತ ಮನುಷ್ಯ ಬೇಕಾದವರು ಅಪರೂಪ, ಅವರಿಗೆ ಬಡ್ತಿಯೂ ತಡವಾಗಿಯೇ ಸಿಗುತ್ತದೆ. ಅವರು ಯಾರ ಬಾಯನ್ನೂ ಬಿಡಿಸುವುದಿಲ್ಲ. ಬಾಗಿಲ ಬಳಿಯ ಕುರ್ಚಿ ಬಿಟ್ಟುಕೊಟ್ಟು ಗೋಡೆಗೆ ಒತ್ತಿಕೊಂಡು ಕೂತಿರುತ್ತಾರೆ, ನಮ್ಮೊಳಗೆ ರಾಶಿ ಬಿದ್ದು ಕಾಯುತ್ತಿರುವುದನ್ನು ನಾವೇ ಒಂದೊಂದಾಗಿ ಹೊರಗೆ ತಂದು ಗಾಳಿಗೆ ಹರವುವ ತನಕ.