ಗ್ರೀಸು ಹತ್ತಿದ ಕೀಲು

ನಮ್ಮ ವಿಮಾನದ ರೆಕ್ಕೆ ಎಷ್ಟು ಉದ್ದ ಅಂದ್ರೆ, ಹಾಲ್‌ನಲ್ಲಿ ಜೋಡಿಸಿಟ್ಟಾಗ ಅಮ್ಮ ಅಡುಗೆಮನೆಗೆ ಬಗ್ಗಿಕೊಂಡೇ ಹೋಗ್ಬೇಕಿತ್ತು. "ಈ ಮನೇಲಿ ವಿಮಾನಕ್ಕೆ ಜಾಗ ಇದೆ, ನನಗಿಲ್ಲ" ಅಂತ ಗೊಣಗ್ತಾನೇ ಅದಕ್ಕೆ ಧೂಳು ಕೂರದ ಹಾಗೆ ಬೆಡ್‌ಶೀಟು ಹೊದಿಸೋಳು.

ರಿಮೋಟಲ್ಲಿ ಹಾರೋದು ನಿಜ, ಆದ್ರೆ ಆಟಿಕೆ ಅನ್ಬೇಡಿ. ಪೆಟ್ರೋಲ್ ಎಂಜಿನ್, ಮುಂದೆ ಮೊಳದುದ್ದದ ಫ್ಯಾನು, ತುಂಬಿದ ಬಕೆಟ್‌ಗಿಂತ ಭಾರ. ಯಾರ ಮೇಲಾದ್ರೂ ಬಿದ್ರೆ ಕಥೆ ಮುಗೀತು. ಕಟ್ಟಿದ್ದು ನಾನು, ನಮ್ಮಕ್ಕ. ಮರದ ಚೌಕಟ್ಟು ಇಬ್ಬರದೂ. ಎಂಜಿನ್, ಗಾಲಿ, ಬಾಲ-ರೆಕ್ಕೆ ಆಡಿಸೋ ಪುಟ್ಟ ಮೋಟಾರು, ವೈರು, ಕೀಲು ನಂದು. ಬಣ್ಣದ ಹಾಳೆನ ಪುಟಾಣಿ ಇಸ್ತ್ರಿಪೆಟ್ಟಿಗೇಲಿ ಬಿಸಿ ಮಾಡಿ ಮೈಗೆಲ್ಲ ಅಂಟಿಸೋದು ಅಕ್ಕಂದು. ಅವಳು ಹಲ್ಲಿನ ಕ್ಲಿನಿಕ್‌ನಲ್ಲಿ ಕೆಲಸ ಮಾಡೋಳು, ಸಾಸಿವೆಯಷ್ಟು ತೂತು ಕಂಡ್ರೂ ತುಂಬದೆ ಬಿಡಲ್ಲ. ಒಂದು ಸುಕ್ಕಿಲ್ಲ, ಒಂದು ಗುಳ್ಳೆ ಇಲ್ಲ, ಕನ್ನಡಿ ಥರ!

ನಾನೋ, ಎಲ್ಲದಕ್ಕೂ ಅವಸರ, ಮನೇಲೆಲ್ಲ ಕರೆಯೋದೇ ರಾಕೆಟ್ ಅಂತ.

ವಿಮಾನದ ಬಾಲದಲ್ಲಿ ಮೇಲೆ ಕೆಳಗೆ ಆಡೋ ಹಲಗೆ ಒಂದಿರುತ್ತೆ, ಮೂಗು ಮೇಲೇಳೋದು ಅದರಿಂದಲೇ. ಅದು ಬಾಗಿಲಿನ ಥರ ಕೀಲುಗಳ ಮೇಲೆ ನಿಂತಿರುತ್ತೆ. ಕೀಲಿನ ಮಡಿಸೋ ಜಾಗಕ್ಕೆ ಮಾತ್ರ ಒಂಚೂರು ಗ್ರೀಸ್ ಮುಟ್ಟಿಸ್ಬೇಕು, ಅಲ್ಲಿಗೆ ಅಂಟು ಹೋದ್ರೆ ಕೀಲು ಆಡಲ್ಲ. ಉಳಿದ ಭಾಗಕ್ಕೆ ಅಂಟು ಬಳಿದು ತೂತಿಗೆ ತುರುಕೋದು. ಕೊನೇ ಕೀಲಿನ ಹೊತ್ತಿಗೆ ಬಟ್ಟಲಲ್ಲಿ ಅಂಟು ಗಟ್ಟಿಯಾಗ್ತಿತ್ತು, ನನ್ನ ಬೆರಳೆಲ್ಲ ಗ್ರೀಸು, ಕೀಲಿನ ಮೈಗೂ ಪೂರ್ತಿ ಹತ್ಕೊಂಡಿತ್ತು. ಗ್ರೀಸಿನ ಮೇಲೆ ಅಂಟು ಹಿಡಿಯಲ್ಲ, ಸ್ಪಿರಿಟ್‌ನಲ್ಲಿ ಒರೆಸಿ, ಹೊಸ ಅಂಟು ಕಲಸ್ಬೇಕಿತ್ತು. ನನಗೆ ಬಾಲ ಆಡೋದು ನೋಡೋ ಆಸೆ. ಹಾಗೇ ತುರುಕಿಬಿಟ್ಟೆ. ಕೂತ್ಕೊಂಡ ಹಾಗೇ ಕಾಣ್ತು.

ಮಾರನೇ ದಿನ ಅಕ್ಕ ಆ ಸಂದಿಗೂ ಹಾಳೆ ಪಟ್ಟಿ ಅಂಟಿಸಿದ್ಲು. ಈಗ ಹೇಳಿದ್ರೆ ಪಟ್ಟಿ ಹರೀಬೇಕು, ಗಟ್ಟಿಯಾಗಿ ಕೂತ ಕೀಲುಗಳನ್ನೂ ಕೊಯ್ಯಬೇಕು, ಬಾಲದ ಹೊದಿಕೆಯೆಲ್ಲ ಹಾಳು. ನಾಳೆ ಹೇಳೋಣ ಅಂತ ಬಿಟ್ಟೆ. ಆಮೇಲೆ ಅವಳು ವಿಮಾನದ ಮೂಗಿನ ಮೇಲೆ ಚೂಪು ಹಲ್ಲಿನ ಬಾಯಿ ಬರೆದು "ಇವನಿಗೆ ಹುಳುಕು ಹಲ್ಲೇ ಇಲ್ಲ ನೋಡೋ" ಅಂತ ನಕ್ಕಳು. ನಾನೂ ನಕ್ಕೆ.

ಹಾರಿಸೋ ಮೈದಾನದಲ್ಲಿ ಒಂದು ಕಟ್ಟುಪಾಡಿದೆ. ದೊಡ್ಡ ವಿಮಾನ ಮೊದಲ ಸಲ ಹಾರೋ ಮುಂಚೆ ಕ್ಲಬ್ಬಿನ ಹಿರಿಯರೊಬ್ಬರು ಒಂದೊಂದೇ ಭಾಗ ಮುಟ್ಟಿ ತೋರಿಸ್ತಾರೆ, ಅದನ್ನ ಕೂರಿಸಿದವರೇ ಬಾಯಿಬಿಟ್ಟು "ಗಟ್ಟಿ" ಅನ್ಬೇಕು. ಅವತ್ತು ಬಂದಿದ್ದು ಮೀಸೆ ಅಂಕಲ್. ಗಾಲಿ ಮುಟ್ಟಿದ್ರು. "ಗಟ್ಟಿ" ಅಂದೆ. ಎಂಜಿನ್ ಬೋಲ್ಟು. "ಗಟ್ಟಿ." ಬಾಲ ಹಿಡಿದು ಮೆಲ್ಲಗೆ ಅಲ್ಲಾಡಿಸಿದ್ರು, ಕೊನೇ ಕೀಲಿನ ಮೇಲೆ ಬೆರಳಿಟ್ರು. ನಾನು ಬೆರಳುಗಳನ್ನ ಪ್ಯಾಂಟಿಗೆ ಒರೆಸ್ಕೊಂಡೆ.

"ಏನಪ್ಪಾ ರಾಕೆಟ್ಟು, ಇಂಧನ ಖಾಲಿನಾ?"

"ಅವನು ಕೂರಿಸಿದ್ದು ಅಂದ್ರೆ ನಾನು ಮತ್ತೆ ನೋಡೋದೇ ಇಲ್ಲ ಅಂಕಲ್" ಅಂದಳು ಅಕ್ಕ.

"ಗಟ್ಟಿ" ಅಂದೆ.

ಅಕ್ಕ ಹಾರಿಸಿದ್ಲು. ಅಬ್ಬಾ, ಅದು ನೆಲ ಬಿಟ್ಟಿದ್ದನ್ನ ನೀವು ನೋಡ್ಬೇಕಿತ್ತು! ನಾನೇ ಸರಿಯಾಗಿ ನೋಡ್ಲಿಲ್ಲ. ನನ್ನ ಕಣ್ಣು ಬಾಲ ಬಿಟ್ಟು ಕದಲಲಿಲ್ಲ. ಆ ಕೀಲು ಕಿತ್ಕೊಂಡು ಹಲಗೆ ಪಟಪಟ ಹೊಡ್ಕೊಳ್ಳೋಕೆ ಶುರುವಾದ್ರೆ, ಪಕ್ಕದ್ದನ್ನೂ ಕಿತ್ಕೊಂಡು ಹೋಗುತ್ತೆ. ವಿಮಾನ ನಮ್ಮ ತಲೆ ಮೇಲಿಂದ ಹಾದು ಹೋದಾಗೆಲ್ಲ ನಾನು ಬಗ್ಗಿಬಿಡ್ತಿದ್ದೆ. ಇಳೀತು. ಹೂವಿನ ಹಾಗೆ ಇಳೀತು. ಎಲ್ಲರೂ ಚಪ್ಪಾಳೆ. ಮೀಸೆ ಅಂಕಲ್ ನನ್ನ ಬೆನ್ನು ತಟ್ಟಿದ್ರು, ಅದೇ ತಡ್ಕೊಳ್ಳೋಕಾಗ್ಲಿಲ್ಲ.

ಅಕ್ಕ ಮತ್ತೆ ಪೆಟ್ರೋಲ್ ತುಂಬಿಸಿ ಎಂಜಿನ್ ಚಾಲು ಮಾಡಿದ್ಲು. ಬಾಲ ಹಿಡ್ಕೊಳ್ಳೋದು ನನ್ನ ಕೆಲಸ.

"ಈ ಸಲ ಲಾಗ ಹಾಕಿಸ್ತೀನಿ ಕಣೋ!"

ಲಾಗ ಅಂದ್ರೆ ಪೂರ್ತಿ ಭಾರ ಬೀಳೋದು ಬಾಲದ ಮೇಲೆ. ಜನ ಫೋನ್ ಎತ್ಕೊಂಡು, ನೋಡೋರು ದಾಟದ ಹಾಗೆ ಕಟ್ಟಿದ್ದ ಹಗ್ಗದ ಹತ್ರ ಬಂದ್ರು.

"ಅಕ್ಕಾ, ಆಫ್ ಮಾಡು."

"ಯಾಕೋ? ಕೈ ನೋವಾ?"

"ಕೊನೇ ಕೀಲು ಅಂಟಿಲ್ಲ. ಆಫ್ ಮಾಡೇ!"

ಎಂಜಿನ್ ನಿಂತಿತು. "ಯಾವಾಗ ಬಿಡ್ತು?" ಅಂತ ಓಡಿ ಬಂದಳು, ಮುಖದ ತುಂಬ ಗಾಬರಿ, ನನ್ನ ಮೇಲೆ ಒಂದಿಷ್ಟೂ ಅನುಮಾನ ಇಲ್ಲ.

"ಬಿಟ್ಟಿಲ್ಲ. ಅಂಟೇ ಇರ್ಲಿಲ್ಲ. ಕೂರಿಸೋವಾಗ ಗ್ರೀಸಾಗಿತ್ತು. ಗೊತ್ತಿತ್ತು ನನಗೆ."

ಬ್ಲೇಡ್ ತಗೊಂಡು ತಾನೇ ಅಂಟಿಸಿದ್ದ ಪಟ್ಟಿನ ಸರ್ರನೆ ಸೀಳಿದ್ಲು. ಹಲಗೆಯ ತುದಿ ಹಿಡಿದು ಜಗ್ಗಿದ್ಲು. ಕೀಲು ಬೆಣ್ಣೆಯಿಂದ ಚಾಕು ಬಂದ ಹಾಗೆ ಜಾರಿ ಬಂತು, ಹೊಸದರ ಥರ ಫಳಫಳ.

"ಹೊದಿಕೆ ಹಾಳಾಗುತ್ತೆ ಅಂತ..." ಅಂದೆ.

"ಹೊದಿಕೆಗೆ ಬೆಂಕಿ ಬೀಳ್ಲಿ. ಅಷ್ಟು ಜನರ ತಲೆ ಮೇಲೆ ನನ್ ಕೈಲಿ ಹಾರಿಸ್ಬಿಟ್ಯಲ್ಲೋ."

ಕೂಗ್ಲಿಲ್ಲ. ಕೂಗಿದ್ರೆ ಚೆನ್ನಾಗಿರ್ತಿತ್ತು. ಮೀಸೆ ಅಂಕಲ್ ಜನರನ್ನ ಹಗ್ಗದಿಂದ ಹಿಂದಕ್ಕೆ ಕಳಿಸಿದ್ರು.

ಅಕ್ಕ ನನ್ನ ಮುಖ ನೋಡದೆ ಪಕ್ಕದ ಕೀಲು ಜಗ್ಗಿದ್ಲು. ಬರ್ಲಿಲ್ಲ. ಅದರ ಪಕ್ಕದ್ದು. ಬರ್ಲಿಲ್ಲ. ಗಾಲಿ ತಿರುಚಿದ್ಲು, ಮೋಟಾರಿನ ಕಡ್ಡಿ ಎಳೆದ್ಲು, ಬೋಲ್ಟಿಗೆ ಸ್ಪ್ಯಾನರ್ ಹಾಕಿದ್ಲು.

"ಅದೆಲ್ಲ ಸರಿಯಾಗೇ ಮಾಡಿದ್ದೀನಿ ಅಕ್ಕಾ."

ಅವಳು ಮುಂದಿನ ಬೋಲ್ಟಿಗೆ ಹೋದಳು.