ಕೊಡವದ ಕೌದಿ

ನಮ್ಮದು ಜಗಳೂರಿನ ಕಡೆಯ ಊರು. ಮಳೆ ಕಡಿಮೆ, ಕಲ್ಲು ಹೆಚ್ಚು. ಮನೆಯ ಗೋಡೆಯೂ ಕಲ್ಲಿನದೇ ಆದ್ದರಿಂದ ಚೇಳಿಗೆ ಅಡಗಲು ಸಂದಿಗಳಿಗೆ ಕೊರತೆಯಿಲ್ಲ. ಆದರೂ ನನ್ನ ಹೆಂಡತಿ ಗಾದ್ರಮ್ಮ ಇರುವವರೆಗೆ ನಮ್ಮ ಮನೆಯಲ್ಲಿ ಯಾರಿಗೂ ಚೇಳು ಕಡಿದಿರಲಿಲ್ಲ. ಸಂಜೆ ದೇವರಿಗೆ ದೀಪ ಹಚ್ಚುವ ಮುಂಚೆ ಅವಳು ಹಾಸಿಗೆ ಹೊದಿಕೆಗಳನ್ನೆಲ್ಲ ಅಂಗಳಕ್ಕೆ ತಂದು, ಒಂದೊಂದನ್ನೂ ಮೂರು ಸಲ ಕೊಡವುತ್ತಿದ್ದಳು. ಪಟ್, ಪಟ್, ಪಟ್. ಆಮೇಲೆಯೇ ದೀಪ.

ಯುಗಾದಿಯ ಹಿಂದಿನ ವಾರ ಅವಳು ತೀರಿಕೊಂಡಳು. ಹಳೆಯ ಸೀರೆಗಳಿಂದ ಅವಳೇ ಹೊಲಿದಿದ್ದ ಕೌದಿಯನ್ನು ಮಡಿಸಿ ನನ್ನ ಮಂಚದ ಮೇಲೆ ಇಟ್ಟುಕೊಂಡೆ. ಅದರಲ್ಲಿ ಅವಳ ವಾಸನೆ ಇತ್ತು. ಒಲೆಯ ಹೊಗೆ, ಹರಳೆಣ್ಣೆ, ವಿಭೂತಿ. ಕೊಡವಿದರೆ ಹೋಗಿಬಿಡುತ್ತದೆಂದು ಒಮ್ಮೆಯೂ ಕೊಡವಲಿಲ್ಲ.

ತಿಥಿ ಕಳೆದ ಮೇಲೆ ಆ ಸದ್ದು ಶುರುವಾಯಿತು. ದೀಪದ ಹೊತ್ತಿಗೆ ಅಂಗಳದಲ್ಲಿ ಪಟ್, ಪಟ್, ಪಟ್. ಹೋಗಿ ನೋಡಿದರೆ ಯಾರೂ ಇಲ್ಲ. ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಅದೂ ನಿಂತೀತೆಂಬ ಭಯ. ದಿನವೆಲ್ಲ ಆ ಹೊತ್ತಿಗಾಗಿಯೇ ಕಾಯುತ್ತಿದ್ದೆ.

ಮೊಮ್ಮಗಳು ಅಂಬೆಗಾಲಿಡತೊಡಗಿದಾಗ ಸೊಸೆ ಮಾಲಾಗೆ ಚೇಳಿನ ಚಿಂತೆ ಹತ್ತಿತು. ಮಗ ತಿಮ್ಮೇಶ್ ಸಂದಿಗಳಿಗೆಲ್ಲ ಸಿಮೆಂಟು ಮೆತ್ತಿದ. ಆದರೂ ಒಂದೇ ವಾರದಲ್ಲಿ ಎರಡು ಚೇಳು ಕಂಡವು. ಪಕ್ಕದ ಮನೆಯ ಚಿತ್ತಪ್ಪ ನಕ್ಕ.

“ಏನ್ ಓಬಣ್ಣ, ಚೇಳಿಗೂ ರೇಷನ್ ಕಾರ್ಡ್ ಮಾಡಿಸಿ ಕೊಟ್ಟೀಯೇನು? ಮನಿ ಬಿಟ್ಟು ಹೋಗಾಕೆ ಒಲ್ಲವಲ್ಲ!”

ಮಾಲಾ ನಗಲಿಲ್ಲ. “ಮಾವ, ಸಂದೆಲ್ಲಾ ಮುಚ್ಚಿದ್ದಾತು, ಸೌದೆ ಹೊರಗೆ ಹಾಕಿದ್ದಾತು. ನಮ್ಮ ಹಾಸಿಗೆ ನಾನು ದಿನಾ ಬೆಳಿಗ್ಗೆ ಕೊಡವ್ತೀನಿ. ಆ ಕೌದಿ ಒಂದು ಉಳಿದೈತೆ. ಕೊಡ್ರಿ ಇಲ್ಲಿ.”

“ನಿನ್ನೆ ಸಂಜೀಕೇ ಕೊಡವೀನಮ್ಮ” ಎಂದೆ. ಮನೆದೇವರು ಓಬಳೇಶನ ಪಟ ಎದುರಿಗೇ ಇತ್ತು.

“ಹೌದು ಬಿಡ್ರಿ, ಸದ್ದು ನಾನೂ ಕೇಳಿದೆ” ಎಂದು ಅವಳು ಒಳಗೆ ಹೋದಳು.

ನನ್ನ ಸುಳ್ಳಿಗೆ ಗಾದ್ರಮ್ಮ ಸಾಕ್ಷಿ ಹೇಳಿದ್ದಳು.

ಮರುದಿನ ಸಂಜೆ ಮಾಲಾ ಮಗುವನ್ನು ನನ್ನ ಮಂಚದ ಮೇಲೆ ಕೂರಿಸಿ, “ನೋಡ್ಕೊಳ್ರಿ ಮಾವ” ಎಂದು ನಲ್ಲಿಗೆ ಹೋದಳು. ನಾನು ಬಾಗಿಲಿಗೆ ಬಂದು ನಿಂತೆ. ಸದ್ದು ಬಂತು. ಮೂರಾಯಿತು. ನಿಲ್ಲಲಿಲ್ಲ. ನಾಲ್ಕು, ಐದು, ಆರು. ಒಳಗೇನೋ ಸೇರಿಕೊಂಡಿದೆ ಎಂದು ತಿಳಿದಾಗ ಮಾತ್ರ ಗಾದ್ರಮ್ಮ ಹಾಗೆ ಬಿಡದೆ ಕೊಡವುತ್ತಿದ್ದಳು.

ತಿರುಗಿ ನೋಡಿದೆ. ಮಗು ಕೌದಿಯ ತುದಿಯನ್ನು ಹಿಡಿದು ಬಾಯಿಗೆ ಎಳೆದುಕೊಳ್ಳುತ್ತಿತ್ತು. ಓಡಿಹೋಗಿ ಕಿತ್ತುಕೊಂಡೆ. ಮಗು ಕಿರುಚಿತು. ಕೌದಿಯನ್ನು ಅಂಗಳಕ್ಕೆ ಒಯ್ದು ಬೀಸಿ ಕೊಡವಿದೆ. ಎರಡನೆಯ ಬೀಸಿಗೆ ಬೆನ್ನ ತುಂಬ ಬಿಳಿಯ ಮರಿಗಳನ್ನು ಹೊತ್ತ ಕರಿಚೇಳು ಕೆಳಗೆ ಬಿತ್ತು.

ಕೊಡ ಹೊತ್ತು ಬಂದ ಮಾಲಾ ಅದನ್ನು ಕಂಡು ನಿಂತುಬಿಟ್ಟಳು. “ಕೊಡವೀನಿ ಅಂತ ನಿನ್ನೆ ಅಂದ್ರಲ್ಲ ಮಾವ?”

“ಇಲ್ಲಮ್ಮ. ಅವಳು ಹೋದಾಗಿಂದ ಒಂದು ದಿನಾನೂ ಕೊಡವಿಲ್ಲ.”

“ಮತ್ತೆ ನಾನು ಕೇಳಿದ್ದು?”

ಅವಳು ಕೊಡವನ್ನು ಅಲ್ಲೇ ಇಳಿಸಿ ಮಗುವನ್ನು ಎತ್ತಿಕೊಳ್ಳಲು ಓಡಿದಳು. ಕೌದಿಯನ್ನು ಮುಖಕ್ಕೆ ಒತ್ತಿಕೊಂಡೆ. ಬರೀ ಧೂಳಿನ ವಾಸನೆ.

ಅಂದಿನಿಂದ ಆ ಸದ್ದಿಲ್ಲ. ಈಗ ದಿನವೂ ಸಂಜೆ ನಾನೇ ಕೊಡವುತ್ತೇನೆ. ಮೂರನೆಯ ಸಲವಾದ ಮೇಲೆ ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತು, ಆಮೇಲೆ ಒಳಗೆ ಹೋಗಿ ದೀಪ ಹಚ್ಚುತ್ತೇನೆ.